ಎಂಟರ ಭೋಂಗಾ

ನಮ್ಮ ಸಕ್ಕರೆ ಫ್ಯಾಕ್ಟರಿಯ ಭೋಂಗಾ ದಿನಕ್ಕೆ ನಾಲ್ಕು ಸಲ ಕೂಗುತ್ತದೆ. ನಸುಕಿನ 4ಕ್ಕೆ ಎ ಶಿಫ್ಟು, ಬೆಳಿಗ್ಗೆ 8ಕ್ಕೆ ಆಫೀಸಿನವರದು, ಮಧ್ಯಾಹ್ನ 12ಕ್ಕೆ ಬಿ, ರಾತ್ರಿ 8ಕ್ಕೆ ಸಿ. ಮುಧೋಳದ ಈ ಕಡೆಯ ಊರುಗಳಲ್ಲಿ ಹಂಗಾಮು ಶುರುವಾಯಿತು ಅಂದರೆ ಗಡಿಯಾರ ನೋಡುವವರು ಕಡಿಮೆ. ಎಮ್ಮೆ ಹಿಂಡೋದು, ಮಕ್ಕಳನ್ನು ಸಾಲಿಗೆ ಕಳಿಸೋದು, ಬುತ್ತಿ ಕಟ್ಟೋದು, ಎಲ್ಲಾ ಭೋಂಗಾದ ಲೆಕ್ಕದಲ್ಲಿ. ನಾನು ಅಲ್ಲಿಯೇ ಲ್ಯಾಬಿನಲ್ಲಿ ಕೆಮಿಸ್ಟ್. ನನಗೆ ಅದರ ಎರಡು ಕೂಗು ಮುಖ್ಯ. ಬೆಳಗಿನ 8, ರಾತ್ರಿಯ 8. ಆಗ ನಾನು ಟ್ಯಾಕ್ರೋಲಿಮಸ್ ಅನ್ನೋ ಗುಳಿಗಿ ನುಂಗಬೇಕು.

ನನ್ನ ಹೊಟ್ಟೆಯ ಬಲಗಡೆ ಕೆಳಗೆ ಅವ್ವನ ಕಿಡ್ನಿ ಇದೆ. 2021ರ ಸೆಪ್ಟೆಂಬರಿನಲ್ಲಿ ಬೆಳಗಾವಿಯಲ್ಲಿ ಹಾಕಿದ್ದು. ನನ್ನವೆರಡೂ ಹಿಂದೆ ತಮ್ಮ ಜಾಗದಲ್ಲೇ ಇವೆ, ಕೆಲಸವಿಲ್ಲದೆ. ಕೆಟ್ಟ ಮೋಟಾರು ಬಿಚ್ಚಿ ಹೊಸದು ಕೂರಿಸಿದ ಹಾಗೆ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಈಗ ನನ್ನೊಳಗೆ ಒಟ್ಟು ಮೂರು. ಅವ್ವನದನ್ನು ನನ್ನ ಮೈ ಹೊರಗಿನದು ಅಂತ ಬಡಿಯದಿರಲಿ ಅಂತ ಈ ಗುಳಿಗಿ.

ಗುಳಿಗಿಯ ಬಗ್ಗೆ ಎರಡು ವರ್ಷ ನನಗೆ ಗೊತ್ತಿದ್ದದ್ದು ಒಂದೇ ಮಾತು. 'ಇಮ್ಯುನಿಟಿ ಕಡಿಮೆ ಮಾಡೋ ಗುಳಿಗಿ ರೀ ಅದು.' ಕೌಂಟರಿನವರೂ ಅದನ್ನೇ ಹೇಳುತ್ತಿದ್ದರು, ಪಕ್ಕದ ಬೆಡ್ಡಿನವರೂ ಅದನ್ನೇ. ಸುಳ್ಳೇನಲ್ಲ. ಆದರೆ ಸಕ್ಕರೆ ಫ್ಯಾಕ್ಟರಿ ಅಂದರೆ ಕಬ್ಬು ಹಿಂಡೋ ಜಾಗ ಅಂದಷ್ಟೇ ನಿಜ ಅದು. ಎಲ್ಲಿ ಕಡಿಮೆ ಮಾಡುತ್ತದೆ, ಏನನ್ನು ತಡೆಯುತ್ತದೆ ಅಂತ ಕೇಳುವ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ.

ಹಂಗಾಮು ಮುಗಿದರೆ ಭೋಂಗಾ ನಿಲ್ಲುತ್ತದೆ. ಮೊದಲ ಬೇಸಿಗೆಯಲ್ಲಿ ಅದು ಗೊತ್ತೇ ಆಗಲಿಲ್ಲ. ಭೋಂಗಾಕ್ಕಿಂತ ಜೋರಾಗಿ ಅವ್ವ ಕೂಗುತ್ತಿದ್ದಳು. 2023ರ ಬೇಸಿಗೆಗೆ ನನಗೆ ಸದರ ಬಂತು. ಕ್ರಿಯೇಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ರಕ್ತದಲ್ಲಿ ಅದು ಏರಿದರೆ ಕಿಡ್ನಿ ಸೋಲುತ್ತಿದೆ ಅಂತ ಅರ್ಥ. ನನ್ನದು 1.2ಕ್ಕೆ ನಿಂತು ವರ್ಷ ದಾಟಿತ್ತು. ಮೈಯಲ್ಲಿ ಶಕ್ತಿ ಬಂದಿತ್ತು. ಮದುವೆ, ಜಾತ್ರೆ, ತಂಗಿಯ ಊರು. 8ರ ಗುಳಿಗಿ ಒಂದಿನ 10ಕ್ಕೆ, ಒಂದಿನ ಮಲಗೋ ಹೊತ್ತಿಗೆ, ಕೆಲವು ರಾತ್ರಿ ಇಲ್ಲವೇ ಇಲ್ಲ. ಮರುದಿನ ಏನೂ ಆಗುತ್ತಿರಲಿಲ್ಲ. ಮೋಸ ಇರೋದೇ ಅಲ್ಲಿ. ಬಿಪಿ ಗುಳಿಗಿ ತಪ್ಪಿದರೆ ಕೆಲವರಿಗೆ ತಲೆಯಾದರೂ ಭಾರ ಆಗುತ್ತದೆ. ಇದು ತಪ್ಪಿದರೆ ಏನೂ ಗೊತ್ತಾಗೋದಿಲ್ಲ. ಮೇ ಕೊನೆಗೆ ರಕ್ತ ಕೊಟ್ಟೆ. ಕ್ರಿಯೇಟಿನಿನ್ 2.1.

ಅವತ್ತೇ ಬೆಳಗಾವಿ. ಸೂಜಿ ಚುಚ್ಚಿ ಕಿಡ್ನಿಯ ಎಳೆಯಷ್ಟು ಚೂರು ತೆಗೆದು ನೋಡಿದರು. ರಿಪೋರ್ಟಿನ ಅರ್ಥ ಇಷ್ಟು: ಹೊರಗಿನದನ್ನು ಹುಡುಕಿ ಬಡಿಯುವ ಬಿಳಿ ರಕ್ತಕಣಗಳಾದ ನನ್ನ ಟಿ ಸೆಲ್‌ಗಳು ಅವ್ವನ ಕಿಡ್ನಿಯ ಸಣ್ಣ ಸಣ್ಣ ನಳಿಗೆಗಳ ಗೋಡೆಯೊಳಗೆ ನುಗ್ಗಿದ್ದವು. ಮೂರು ದಿನ ಸ್ಟೀರಾಯ್ಡ್ ಸಲೈನ್ ಏರಿಸಿದರು. ಕ್ರಿಯೇಟಿನಿನ್ ಇಳಿಯಿತು, ಆದರೆ 1.4ಕ್ಕೆ ನಿಂತಿತು. ಆ 0.2 ಇವತ್ತಿಗೂ ವಾಪಸ್ ಬಂದಿಲ್ಲ. ಅವ್ವನಿಗೆ ನಾನು ಅದನ್ನು ಹೇಳಿಲ್ಲ. ಈಗ ಇಲ್ಲಿ ಬರೆದಿದ್ದೇನೆ, ಅವಳು ಓದೋದಿಲ್ಲ ಅನ್ನೋ ಧೈರ್ಯದ ಮೇಲೆ.

ವಾರ್ಡಿನಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಇದ್ದರು. ರಾತ್ರಿ ರೌಂಡಿಗೆ ಬಂದು ನನ್ನ ಕೇಸ್ ಪೇಪರ್ ನೋಡಿ, 'ಏನ್ರೀ ಕೆಮಿಸ್ಟ್ ಸಾಹೇಬ್ರ, ಹಂಗಾಮು ಮುಗೀತಂತ ಗುಳಿಗೀನೂ ಬಂದ್ ಮಾಡಿದ್ರೇನು?' ಅಂದರು. ನಾನು ತಲೆ ತಗ್ಗಿಸಿದೆ. ಅವರಿಗೆ ಪಾಪ ಅನಿಸಿತೋ ಏನೋ. ಹಳೇ ರಿಪೋರ್ಟೊಂದರ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ದೊಡ್ಡ ಗುಂಡು, ಅದರೊಳಗೆ ಒಂದು ಸಣ್ಣ ಗುಂಡು ಬರೆದರು. ದೊಡ್ಡದು ಟಿ ಸೆಲ್, ಸಣ್ಣದು ಅದರ ನ್ಯೂಕ್ಲಿಯಸ್. ಹೊರಗಿನಿಂದ ಒಳಗೆ ಬಾಣಗಳು. ಒಂದು ಬಾಣದ ಮೇಲೆ ಅಡ್ಡಗೆರೆ ಎಳೆದು, 'ನಿಮ್ಮ ಟ್ಯಾಕ್ರೋ ಇಲ್ಲಿ ಕುಂತಿರ್ತೈತಿ' ಅಂದರು. ಆ ಕಾಗದ ಈಗಲೂ ನನ್ನ ಲ್ಯಾಬ್ ಟೇಬಲ್ಲಿನ ಗಾಜಿನ ಕೆಳಗಿದೆ. ಸಿ ಶಿಫ್ಟಿನಲ್ಲಿ ತಾಸಿಗೊಂದು ಸ್ಯಾಂಪಲ್ ನೋಡಿದ ಮೇಲೆ ಉಳಿದ ಹೊತ್ತಿನಲ್ಲಿ ಫೋನಿನಲ್ಲಿ ಓದಿ ಓದಿ ಆ ಬಾಣಗಳ ನಡುವೆ ನಾನೇ ಪೆನ್ಸಿಲ್ಲಿನಿಂದ ತುಂಬಿಸುತ್ತಾ ಬಂದಿದ್ದೇನೆ.

ಟಿ ಸೆಲ್ ಹೇಗೆ ಎದ್ದೇಳುತ್ತದೆ ಅಂತ ಮುಧೋಳದವರಿಗೆ ಹೇಳೋದು ಸುಲಭ. ಕಾಕಾನ ತೋಟದಲ್ಲಿ ಒಂದು ಮುಧೋಳ ನಾಯಿ ಇದೆ. ಹೊಸಬರು ಬಾಂದಿನ ಮೇಲೆ ಕಂಡರೆ ಕತ್ತು ಎತ್ತಿ ನಿಲ್ಲುತ್ತದೆ, ಅಷ್ಟೇ. ಕಾಕಾ 'ಛೂ' ಅಂದರೆ ಮಾತ್ರ ಓಟ. ಟಿ ಸೆಲ್‌ಗೂ ಹೀಗೆ ಎರಡು ಬೇಕು. ಒಂದು, ಗುರುತು. ಎದುರಿನ ಸೆಲ್ ತನ್ನ ಮೇಲಿನ, ಆಳಿಂದ ಆಳಿಗೆ ಬೇರೆಯಾಗುವ ಎಚ್‌ಎಲ್‌ಎ ಅನ್ನೋ ಪ್ರೋಟೀನಿನ ಮೇಲೆ ಒಂದು ತುಣುಕು ಇಟ್ಟು ತೋರಿಸುತ್ತದೆ. ಟಿ ಸೆಲ್ ತನ್ನ ರಿಸೆಪ್ಟರಿನಿಂದ ಅದನ್ನು ಮುಟ್ಟಿ ನೋಡುತ್ತದೆ. ಇನ್ನೊಂದು, ಛೂ. ಟಿ ಸೆಲ್ ಮೇಲಿರುವ ಸಿಡಿ28 ಅನ್ನೋ ಪ್ರೋಟೀನಿಗೆ ಎದುರಿನ ಸೆಲ್‌ನ ಸಿಡಿ80 ಅಥವಾ ಸಿಡಿ86 ಬಂದು ಕೂಡಬೇಕು. ಗುರುತು ಸಿಕ್ಕಿ ಛೂ ಬರದಿದ್ದರೆ ಟಿ ಸೆಲ್ ಬರೀ ಸುಮ್ನಿರೋದಿಲ್ಲ, ಮಂಕಾಗುತ್ತದೆ. ಆಮೇಲೆ ಸರಿಯಾಗಿ ಛೂ ಅಂದರೂ ಏಳೋದಿಲ್ಲ. ದಿನಾ ಬರುವ ಹಾಲಿನವನನ್ನು ನೋಡಿ ನೋಡಿ ನಾಯಿ ಸುಮ್ಮನಾಗುವ ಹಾಗೆ.

ಛೂ ಅನ್ನುವವರು ಯಾರು? ಹೆಚ್ಚಾಗಿ, ಮೈಯಲ್ಲಿ ಕಾವಲಿದ್ದು ತುಣುಕು ತೋರಿಸುವ ಡೆಂಡ್ರಿಟಿಕ್ ಸೆಲ್‌ಗಳು. ಸುಮ್ನೆ ಇದ್ದಾಗ ಇವುಗಳ ಮೈಮೇಲೆ ಸಿಡಿ80, ಸಿಡಿ86 ಕಡಿಮೆ. ರೋಗಾಣುವಿನ ವಾಸನೆ ಹತ್ತಿದರೆ ಜಾಸ್ತಿ ಆಗುತ್ತವೆ. ಆ ವಾಸನೆ ಹಿಡಿಯುವುದು ಟೋಲ್ ರಿಸೆಪ್ಟರುಗಳು. ಬ್ಯೂಟ್ಲರ್, ಹಾಫ್‌ಮನ್, ಸ್ಟೈನ್‌ಮನ್ ಅನ್ನುವ ಮೂವರಿಗೆ 2011ರಲ್ಲಿ ನೊಬೆಲ್ ಬಂದದ್ದು ಇದೇ ವಿಷಯಕ್ಕೆ. ನನಗೆ ಮೊದಲು ಇಲ್ಲೊಂದು ಗೊಂದಲ ಇತ್ತು. ಅವ್ವನ ಕಿಡ್ನಿಯಲ್ಲಿ ರೋಗಾಣು ಇರಲಿಲ್ಲವಲ್ಲ, ಮತ್ತೆ ಛೂ ಅಂದದ್ದು ಯಾರು? ಉತ್ತರ: ಆಪರೇಷನ್ನೇ. ಕಿಡ್ನಿ ಅವ್ವನ ಮೈಯಿಂದ ಹೊರಬಂದು ಸ್ವಲ್ಪ ಹೊತ್ತು ರಕ್ತವಿಲ್ಲದೆ ತಣ್ಣಗೆ ಇತ್ತು. ಆಗ ಕೆಲವು ಸೆಲ್‌ಗಳು ಸತ್ತು ಒಳಗಿನದು ಹೊರಗೆ ಚೆಲ್ಲುತ್ತದೆ. ಅದನ್ನೂ ಆ ರಿಸೆಪ್ಟರುಗಳು ಅಪಾಯ ಅಂತಲೇ ಓದುತ್ತವೆ. ಉಳಿಸಲು ಹಿಡಿದ ಕತ್ತರಿಯೇ ಛೂ ಅಂದುಬಿಟ್ಟಿರುತ್ತದೆ.

ನಾಯಿಯ ಹೋಲಿಕೆ ಇಲ್ಲಿಗೆ ಸಾಕು, ಮುಂದೆ ಎಳೆದರೆ ಹರಿಯುತ್ತದೆ. ಕಾಕಾನದು ಒಂದೇ ನಾಯಿ, ಅದು ಎಲ್ಲ ಹೊಸಬರನ್ನೂ ನೋಡುತ್ತದೆ. ಟಿ ಸೆಲ್ ಹಾಗಲ್ಲ. ಒಂದೊಂದಕ್ಕೆ ಒಂದೊಂದು ಗುರುತು. ಒಂದು ರೋಗಾಣುವಿನ ಒಂದು ತುಣುಕನ್ನು ಹಿಡಿಯುವ ಟಿ ಸೆಲ್ ಲಕ್ಷಕ್ಕೊಂದು ಸಿಗೋದೂ ಕಷ್ಟ. ಆದರೆ ಬೇರೆಯವರ ಎಚ್‌ಎಲ್‌ಎ ಕಂಡರೆ ಮಾತ್ರ ನೂರಕ್ಕೆ ಒಂದರಿಂದ ಹತ್ತರಷ್ಟು ಟಿ ಸೆಲ್‌ಗಳು ಏಳಬಲ್ಲವು. ಅವ್ವ ಮತ್ತು ನಾನು ಎಚ್‌ಎಲ್‌ಎಯಲ್ಲಿ ಅರ್ಧ ಒಂದೇ. ಇನ್ನರ್ಧ ಅಪ್ಪನದು. ಅವ್ವನ ಉಳಿದರ್ಧ ನನ್ನ ಮೈಗೆ ಪೂರ್ತಿ ಪರಕೀಯ.

ಇನ್ನು ಮುಂದಿನದು ನನ್ನ ಕೆಲಸದ ಭಾಷೆ. ಗುರುತು ಸಿಕ್ಕ ಕೂಡಲೇ ಟಿ ಸೆಲ್ ಒಳಗೆ ನಡೆಯೋದು ಫಾಸ್ಫೇಟ್ ಹಚ್ಚೋ ಕೆಲಸ. ಎಲ್‌ಸಿಕೆ ಅನ್ನೋ ಎನ್‌ಜೈಮ್ ರಿಸೆಪ್ಟರಿನ ಒಳಬಾಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಅಂಟಿಸಿದ ಜಾಗಕ್ಕೆ ಝ್ಯಾಪ್-70 ಬಂದು ಕೂರುತ್ತದೆ. ಅದು ಎಲ್‌ಎಟಿ ಅನ್ನೋದಕ್ಕೆ ಫಾಸ್ಫೇಟ್ ಹಚ್ಚುತ್ತದೆ. ಎಲ್‌ಎಟಿ ಸುತ್ತ ಇನ್ನಷ್ಟು ಪ್ರೋಟೀನುಗಳು ಗುಂಪು ಸೇರುತ್ತವೆ. ಒಬ್ಬರ ಕೈಯಿಂದ ಒಬ್ಬರಿಗೆ ಕಬ್ಬಿನ ಹೊರೆ ದಾಟಿಸಿದ ಹಾಗೆ. ಫಾಸ್ಫೇಟ್ ಹಚ್ಚುವವು ಕೈನೇಸ್, ತೆಗೆಯುವವು ಫಾಸ್ಫಟೇಸ್. ಇದನ್ನು ಮರೆಯಬೇಡಿ, ಮುಂದೆ ಬರುತ್ತದೆ. ಝ್ಯಾಪ್-70 ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ. ಅವರ ರಕ್ತದಲ್ಲಿ ಒಂದು ಬಗೆಯ ಟಿ ಸೆಲ್‌ಗಳು ಇದ್ದರೂ ಗುರುತಿಗೆ ಓಗೊಡೋದಿಲ್ಲ. ಸರದಿಯಲ್ಲಿ ಒಬ್ಬ ಕೈ ಬಿಟ್ಟರೆ ಹೊರೆ ಅಲ್ಲಿಯೇ ಬೀಳುತ್ತದೆ.

ಗುಂಪು ಸೇರಿದ ಮೇಲೆ ಒಂದು ಎನ್‌ಜೈಮ್ ಸೆಲ್‌ನ ಪೊರೆಯಲ್ಲಿರುವ ಕೊಬ್ಬಿನ ಅಣುವೊಂದನ್ನು ಎರಡು ತುಂಡು ಮಾಡುತ್ತದೆ. ದಾರಿ ಕವಲಾಗೋದು ಇಲ್ಲಿ. ಒಂದು ತುಂಡು ಪೊರೆಯಲ್ಲೇ ಉಳಿದು ರಾಸ್, ಎನ್‌ಎಫ್-ಕಪ್ಪಾ-ಬಿ ಅನ್ನೋ ಕಡೆಗೆ ಸುದ್ದಿ ಕಳಿಸುತ್ತದೆ. ಸಿಡಿ28ರ ಛೂ ಬಂದು ಬಲ ಕೊಡೋದೂ ಹೆಚ್ಚಾಗಿ ಈ ಕವಲಿಗೇ. ಇನ್ನೊಂದು ತುಂಡು ಒಳಗೆ ಹೋಗಿ ಕ್ಯಾಲ್ಸಿಯಂ ಬಿಡಿಸುತ್ತದೆ. ನನ್ನ ಗುಳಿಗಿಯ ಕೆಲಸ ಈ ಎರಡನೇ ಕವಲಿನಲ್ಲಿ.

ಕ್ಯಾಲ್ಸಿಯಂ ಅಂದ ಕೂಡಲೇ ನಾನು ನೆಟ್ಟಗೆ ಕೂತೆ. ಫ್ಯಾಕ್ಟರಿಯಲ್ಲಿ ನನ್ನ ಅರ್ಧ ಜೀವನ ಸುಣ್ಣ ಮತ್ತು ಫಾಸ್ಫೇಟಿನ ನಡುವೆ ಕಳೆದಿದೆ. ಹಿಂಡಿದ ಕಬ್ಬಿನ ಹಾಲು ಕಪ್ಪಗೆ, ಕೊಳೆ ತುಂಬಿಕೊಂಡು ಬರುತ್ತದೆ. ಅದರಲ್ಲಿ ಫಾಸ್ಫೇಟ್ ಕಡಿಮೆ ಇದ್ದರೆ ಫಾಸ್ಫಾರಿಕ್ ಆಸಿಡ್ ಸೇರಿಸಿ 300 ಪಿಪಿಎಂ ಆಸುಪಾಸಿಗೆ ತರುತ್ತೇವೆ. ಆಮೇಲೆ ಸುಣ್ಣದ ಹಾಲು, ಗಂಧಕದ ಹೊಗೆ. ಸುಣ್ಣದ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಸೇರಿ ಗಟ್ಟಿಯಾಗಿ, ಕೊಳೆಯನ್ನೂ ಹಿಡಿದುಕೊಂಡು ತಳಕ್ಕೆ ಕೂರುತ್ತವೆ. ಮೇಲೆ ತಿಳಿಯಾದ ರಸ ಉಳಿಯುತ್ತದೆ. ಅಂದರೆ ಕ್ಯಾಲ್ಸಿಯಂ, ಫಾಸ್ಫೇಟ್ ಒಂದೇ ಪಾತ್ರೆಯಲ್ಲಿ ಜಾಸ್ತಿ ಇದ್ದರೆ ಕಲ್ಲಾಗುತ್ತವೆ. ಜೀವಕೋಶದ ತುಂಬಾ ಫಾಸ್ಫೇಟ್. ಅದಕ್ಕೇ ಇರಬೇಕು, ಜೀವಕೋಶಗಳು ಕ್ಯಾಲ್ಸಿಯಂ ಅನ್ನು ಹೊರಗೇ ಇಟ್ಟಿವೆ. ಹೊರಗೆ ಇರುವ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಒಳಗೆ ಇಷ್ಟು ಕಡಿಮೆ ಇರೋದರಿಂದಲೇ ಒಂಚೂರು ನುಗ್ಗಿದರೂ ಅದು ಸುದ್ದಿಯಾಗುತ್ತದೆ.

ನುಗ್ಗುವುದು ಎರಡು ಹಂತದಲ್ಲಿ. ಮೊದಲು ಸೆಲ್ ಒಳಗಿನ ಸಣ್ಣ ಸಂಗ್ರಹ ಖಾಲಿಯಾಗುತ್ತದೆ. ಸ್ಟಿಮ್-1 ಅನ್ನೋ ಪ್ರೋಟೀನ್ ಅದನ್ನು ನೋಡಿ ಹೊರಪೊರೆಯ ಬಾಗಿಲು ತೆರೆಸುತ್ತದೆ. ಮನೆಯ ಕೊಡ ಬರಿದಾದದ್ದು ನೋಡಿ ಬೀದಿಯ ನಳ ತಿರುವಿದ ಹಾಗೆ. ಆ ಬಾಗಿಲಿಗೆ ಓರೈ-1 ಅಂತ ಹೆಸರು. ಗ್ರೀಕರ ಕಥೆಯಲ್ಲಿ ಸ್ವರ್ಗದ ಬಾಗಿಲು ಕಾಯುವವರ ಹೆಸರಂತೆ ಅದು. ನಮ್ಮವರು ಕಂಡುಹಿಡಿದಿದ್ದರೆ ಜಯ-ವಿಜಯ ಅಂತ ಇಡುತ್ತಿದ್ದರೋ ಏನೋ ಅಂದುಕೊಂಡೆ. ಆಮೇಲೆ ನೋಡಿದರೆ 2006ರಲ್ಲಿ ಇದನ್ನು ಹುಡುಕಿದವರಲ್ಲಿ ಅಂಜನಾ ರಾವ್ ಒಬ್ಬರು, ಭಾರತದಿಂದ ಹೋದವರೇ.

ಒಳಬಂದ ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಅನ್ನೋ ಪ್ರೋಟೀನಿನ ಜೊತೆ ಸೇರಿ ಕ್ಯಾಲ್ಸಿನ್ಯೂರಿನ್ ಅನ್ನೋದನ್ನು ಎಬ್ಬಿಸುತ್ತದೆ. ಇದು ಫಾಸ್ಫಟೇಸ್, ಅಂದರೆ ಫಾಸ್ಫೇಟ್ ತೆಗೆಯುವ ಜಾತಿ. ಅಲ್ಲೇ ಪಕ್ಕದಲ್ಲಿ ಎನ್‌ಫ್ಯಾಟ್ ಅನ್ನೋ ಪ್ರೋಟೀನ್ ಮೈತುಂಬಾ ಫಾಸ್ಫೇಟ್ ಅಂಟಿಸಿಕೊಂಡು ಬಿದ್ದಿರುತ್ತದೆ. ಆ ಭಾರ ಇರೋ ತನಕ ಅದು ನ್ಯೂಕ್ಲಿಯಸ್ಸಿಗೆ ಹೋಗೋ ಹಾಗಿಲ್ಲ. ಕ್ಯಾಲ್ಸಿನ್ಯೂರಿನ್ ಫಾಸ್ಫೇಟ್ ಕಿತ್ತರೆ ಒಳಗೆ ಹೋಗಿ, ಮೊದಲ ಕವಲಿನಿಂದ ಬಂದ ಎಪಿ-1 ಅನ್ನೋ ಪ್ರೋಟೀನಿನ ಜೊತೆ ಕೂಡಿ, ಟಿ ಸೆಲ್ಲಿಗೆ ಬೆಳೆ ಅನ್ನೋ ಸುದ್ದಿ ಕೊಡುವ ಐಎಲ್-2ರ ಜೀನ್ ಚಾಲೂ ಮಾಡುತ್ತದೆ. ಐಎಲ್-2 ಹೊರಬಂತೆಂದರೆ ಟಿ ಸೆಲ್ ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು. ಎಪಿ-1 ಬಾರದೆ ಎನ್‌ಫ್ಯಾಟ್ ಒಂದೇ ಹೋದರೆ ಬೇರೆ ಜೀನುಗಳು ಚಾಲೂ ಆಗಿ ಸೆಲ್ ಮಂಕಾಗುತ್ತದೆ. ಛೂ ಇಲ್ಲದ ಗುರುತಿನ ಗುಟ್ಟು ಇದು. ಕ್ಯಾಲ್ಸಿಯಂ ಒಮ್ಮೆ ಮಿಣಕ್ ಅಂದರೂ ಸಾಲದು. ತಾಸುಗಟ್ಟಲೆ ಬರುತ್ತಿರಬೇಕು. ನಿಂತರೆ ಕೈನೇಸುಗಳು ಮತ್ತೆ ಫಾಸ್ಫೇಟ್ ಹಚ್ಚಿ ಎನ್‌ಫ್ಯಾಟ್ ಅನ್ನು ಹೊರಗೆ ದಬ್ಬುತ್ತವೆ.

ಟ್ಯಾಕ್ರೋಲಿಮಸ್ ಸೆಲ್ ಒಳಗೆ ಹೋಗಿ ಮೊದಲು ಎಫ್‌ಕೆಬಿಪಿ12 ಅನ್ನೋ ಪ್ರೋಟೀನಿನ ಕೈ ಹಿಡಿಯುತ್ತದೆ. ಆ ಜೋಡಿ ಹೋಗಿ ಕ್ಯಾಲ್ಸಿನ್ಯೂರಿನ್ ಮೇಲೆ ಕೂರುತ್ತದೆ. ಎನ್‌ಫ್ಯಾಟ್ ಮೈಮೇಲಿನ ಫಾಸ್ಫೇಟ್ ಕೀಳಲು ಆಗೋದಿಲ್ಲ. ಇಷ್ಟೇ ಅದರ ಕೆಲಸ. 1984ರಲ್ಲಿ ಜಪಾನಿನ ತ್ಸುಕುಬಾ ಕಡೆಯ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಇದು ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದರೆ ಹೆಸರಿನ ಮೊದಲಕ್ಷರ T ಆ ಊರಿನದೇ. ಇದೇ ಕೆಲಸಕ್ಕೆ ಇದಕ್ಕಿಂತ ಮುಂಚೆ ಬಂದ ಔಷಧ ಸೈಕ್ಲೋಸ್ಪೊರಿನ್ ನಾರ್ವೆಯ ಮಣ್ಣಿನ ಬೂಷ್ಟಿನಿಂದ ಬಂದದ್ದು. ಅದಕ್ಕೆ ಅಮೆರಿಕದಲ್ಲಿ 1983ಕ್ಕೇ ಒಪ್ಪಿಗೆ ಸಿಕ್ಕಿತ್ತು. ಆದರೆ ಎರಡೂ ಹೋಗಿ ಕೂರೋದು ಕ್ಯಾಲ್ಸಿನ್ಯೂರಿನ್ ಮೇಲೆ ಅಂತ ಗೊತ್ತಾದದ್ದು 1991ರಲ್ಲಿ. ಎಂಟು ವರ್ಷ ಜನ ಎಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿಯದೆಯೇ ನುಂಗಿ ಬದುಕಿದರು. ನಾನು ಎರಡು ವರ್ಷ ತಿಳಿಯದೆ ನುಂಗಿದ್ದಕ್ಕೆ ಅಷ್ಟೇನೂ ನಾಚಿಕೆ ಬೇಡ ಅಲ್ವಾ?

ಆದರೆ ಈ ದಾರಿ ಪೂರ್ತಿ ತಿಳಿದ ರಾತ್ರಿ ನನಗೆ ಹೆದರಿಕೆಯೇ ಆಯಿತು. ಗುಳಿಗಿ ಟಿ ಸೆಲ್‌ಗಳನ್ನು ಕೊಂದಿರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಕೊಂದಿಲ್ಲ. ಅವು ಇವೆ. ಅವ್ವನ ಕಿಡ್ನಿಯನ್ನು ಮುಟ್ಟಿ ನೋಡುತ್ತಲೇ ಇವೆ. ಫಾಸ್ಫೇಟ್ ಕೈಯಿಂದ ಕೈಗೆ ದಾಟುತ್ತಿದೆ, ಓರೈ ತೆರೆಯುತ್ತಿದೆ, ಕ್ಯಾಲ್ಸಿಯಂ ಬರುತ್ತಿದೆ. ಎನ್‌ಫ್ಯಾಟ್ ಬಾಗಿಲ ಹೊರಗೆ ತಯಾರಾಗಿ ಕೂತಿದೆ. ಒಂದು ಮೆಟ್ಟಿಲು ಮಾತ್ರ ಮುಚ್ಚಿದೆ, ಅದೂ ರಕ್ತದಲ್ಲಿ ಗುಳಿಗಿ ಸಾಕಷ್ಟು ಇರೋ ತನಕ. ಮೇ ತಿಂಗಳ ಆ ತಪ್ಪಿದ ರಾತ್ರಿಗಳಲ್ಲಿ ನಾನು ಜಾತ್ರೆಯಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತಿದ್ದಾಗ ಆ ಮೆಟ್ಟಿಲು ತೆರೆದಿತ್ತು.

ಉಳಿದ ಗುಳಿಗಿಗಳೂ ಈ ನಕ್ಷೆಯ ಮೇಲೆ ಬೇರೆ ಬೇರೆ ಕಡೆ ಕೂತಿವೆ. ಆಪರೇಷನ್ ದಿನ ಮತ್ತು ನಾಲ್ಕನೇ ದಿನ ಕೊಟ್ಟ ಬ್ಯಾಸಿಲಿಕ್ಸಿಮ್ಯಾಬ್ ಇಂಜೆಕ್ಷನ್ ಐಎಲ್-2 ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ. ಸ್ಟೀರಾಯ್ಡ್ ಎನ್‌ಎಫ್-ಕಪ್ಪಾ-ಬಿ, ಎಪಿ-1ರ ಬಾಯಿ ಮುಚ್ಚಿಸುತ್ತದೆ. ಮೈಕೋಫೆನೊಲೇಟ್ ಕೊನೆಯಲ್ಲಿ, ಸೆಲ್ ಎರಡಾಗಲು ಡಿಎನ್‌ಎ ಕಟ್ಟೋ ಸಾಮಾನು ಸಿಗದ ಹಾಗೆ ಮಾಡುತ್ತದೆ. ಛೂ ಅನ್ನೋದನ್ನೇ ತಡೆಯುವ ಬೆಲಾಟಸೆಪ್ಟ್ ಅಂತಲೂ ಒಂದಿದೆ, ನನಗೆ ಅದು ಕೊಟ್ಟಿಲ್ಲ.

ಕ್ಯಾಲ್ಸಿನ್ಯೂರಿನ್ ಟಿ ಸೆಲ್‌ನಲ್ಲಿ ಮಾತ್ರ ಇದ್ದಿದ್ದರೆ ಚೆನ್ನಾಗಿತ್ತು. ಮಿದುಳಿನಲ್ಲಿದೆ, ಕಿಡ್ನಿಯಲ್ಲಿದೆ, ಸಕ್ಕರೆ ಹತೋಟಿಯಲ್ಲಿಡುವ ಗ್ರಂಥಿಯಲ್ಲೂ ಇದೆ. ಮೊದಲ ವರ್ಷ ನನ್ನ ಕೈ ನಡುಗುತ್ತಿತ್ತು. ಬ್ಯುರೆಟ್ ಹಿಡಿಯುವ ಕೈ. ಟೈಟ್ರೇಷನ್ನಿನಲ್ಲಿ ಹನಿ ಹೆಚ್ಚಾಗಿ ಬಿದ್ದು ಬಣ್ಣ ದಾಟಿಬಿಡುತ್ತಿತ್ತು. ಜೊತೆಯ ಹುಡುಗ ಏನೂ ಕೇಳದೆ ನನ್ನ ಪಾಲಿನದನ್ನೂ ಮಾಡಿಕೊಡುತ್ತಿದ್ದ. ಡೋಸ್ ಇಳಿದ ಮೇಲೆ ನಡುಕವೂ ಇಳಿಯಿತು. ಕಿಡ್ನಿ ಕಾಯೋ ಗುಳಿಗಿ ಲೆವೆಲ್ ಜಾಸ್ತಿಯಾದರೆ ಕಿಡ್ನಿಗೇ ಪೆಟ್ಟು ಅನ್ನೋದು ಇನ್ನೊಂದು ತಮಾಷೆ. ಅದಕ್ಕೇ ಲೆವೆಲ್ ಟೆಸ್ಟು. ಬೆಳಗಿನ ಗುಳಿಗಿ ನುಂಗೋ ಮುಂಚೆ, ರಾತ್ರಿಯದಕ್ಕೆ 12 ತಾಸಾದಾಗ ರಕ್ತ ಕೊಡಬೇಕು. ನಸುಕಿನಲ್ಲೆದ್ದು ಯರಗಟ್ಟಿ ಮೇಲೆ ಹೋಗೋ ಬಸ್ಸು ಹಿಡಿದು, ಕಿಸೆಯಲ್ಲಿ ಗುಳಿಗಿ ಇಟ್ಟುಕೊಂಡು ಬೆಳಗಾವಿಗೆ. ಚಕ್ಕೋತ ಹಣ್ಣು ಬಂದ್, ಅದು ಗುಳಿಗಿಯನ್ನು ಕರಗಿಸುವ ಎನ್‌ಜೈಮನ್ನು ತಡೆದು ಲೆವೆಲ್ ಏರಿಸುತ್ತದೆ.

ಕಳೆದ ದೀಪಾವಳಿ ಹೊತ್ತಿಗೆ ಈ ಕಾಗದ ಮನೆಗೆ ತಂದಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏನದು ಅಂದಳು. ನನಗೆ ಬಂದ ಹಾಗೆ ಹೇಳಿದೆ, ಅರ್ಧ ನಿನ್ನದು, ಅರ್ಧ ಪರಕೀಯ, ಅದಕ್ಕೆ ಬಡಿದಾಟ ಅಂತ. ಅವಳು ರೊಟ್ಟಿ ಹಂಚಿಗೆ ಹಾಕಿ ಕೇಳಿದಳು. 'ಹಂಗಾರ ನೀ ನನ್ನ ಹೊಟ್ಯಾಗ ಒಂಬತ್ತ ತಿಂಗಳ ಇದ್ದೆಲ್ಲೋ. ನಿಮ್ಮಪ್ಪನ ಅರ್ಧ ನಿನ್ನೊಳಗ ಇತ್ತು. ಆವಾಗ ನನಗ್ಯಾರು ಈ ಗುಳಿಗಿ ಕೊಟ್ಟಿದ್ರು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ತಿಂಗಳು ನೊಬೆಲ್ ಬಂದಿತ್ತು, 2025ರದು, ಬ್ರಂಕೋ, ರ್‍ಯಾಮ್ಸ್‌ಡೆಲ್, ಸಕಾಗುಚಿ ಅನ್ನುವ ಮೂವರಿಗೆ. ಓದಿದರೆ ಅವ್ವನ ಪ್ರಶ್ನೆಯ ಒಂದು ಪಾಲು ಉತ್ತರ ಅದರಲ್ಲೇ ಇತ್ತು. ರೆಗ್ಯುಲೇಟರಿ ಟಿ ಸೆಲ್ ಅಂತ ಒಂದು ಜಾತಿ ಇದೆ. ಸಕಾಗುಚಿ 1995ರಲ್ಲಿ ತೋರಿಸಿದ್ದು. ಇವುಗಳ ಕೆಲಸ ಉಳಿದ ಟಿ ಸೆಲ್‌ಗಳನ್ನು ಸುಮ್ನಿರಿಸೋದು. ಸುತ್ತಲಿನ ಐಎಲ್-2 ಎಲ್ಲಾ ಇವೇ ಹೀರುತ್ತವೆ. ಸಿಟಿಎಲ್‌ಎ-4 ಅನ್ನೋದನ್ನು ಮುಂದೆ ಚಾಚಿ ಸಿಡಿ80, ಸಿಡಿ86 ಎರಡನ್ನೂ ಸಿಡಿ28ಕ್ಕಿಂತ ಗಟ್ಟಿಯಾಗಿ ಹಿಡಿಯುತ್ತವೆ. ಛೂ ಅನ್ನೋ ಬಾಯಿಗೇ ಕೈ ಅಡ್ಡ. ಬಸಿರಿನಲ್ಲಿ ಮಗುವನ್ನು ತಾಯಿಯ ಮೈ ಸಹಿಸಿಕೊಳ್ಳೋದರಲ್ಲಿ ಇವುಗಳ ಪಾಲೂ ಇದೆ. ನನಗೆ ಬೇಸರವಾದದ್ದು ಇನ್ನೊಂದು ಸಂಗತಿಗೆ. ಈ ಸೆಲ್‌ಗಳು ಬದುಕೋದೇ ಐಎಲ್-2ರ ಮೇಲೆ. ಟ್ಯಾಕ್ರೋಲಿಮಸ್ ಐಎಲ್-2 ಕಡಿಮೆ ಮಾಡಿದಾಗ ಜಗಳಗಂಟರ ಜೊತೆ ಇವೂ ಸೊರಗುತ್ತವೆ. ಬಡಿದಾಟ ನಿಲ್ಲಿಸೋ ಗುಳಿಗಿ ರಾಜಿ ಮಾಡಿಸುವವರನ್ನೂ ಹಸಿವಿನಲ್ಲಿ ಕೂರಿಸುತ್ತದೆ.

ಅವ್ವನಿಗೆ ಇಷ್ಟೆಲ್ಲಾ ಹೇಳಲಿಲ್ಲ. 'ನಿನ್ನ ಮೈಯಾಗ ಗುಳಿಗಿ ತಾನ ತಯಾರಾಗಿತ್ತವ್ವಾ' ಅಂದೆ. 'ಹೂಂ, ಮತ್ತ' ಅಂತ ಹೇಳಿ ರೊಟ್ಟಿ ತಿರುವಿದಳು, ನನಗಿದು ಮೊದಲೇ ಗೊತ್ತಿತ್ತು ಅನ್ನೋ ಹಾಗೆ.

2023ರ ಪೆಟ್ಟಿನ ನಂತರ ಮುಂದಿನ ಹಂಗಾಮಿನಲ್ಲಿ ನಾನು ಮಾಡಿದ ಮೊದಲ ಕೆಲಸ ಅಂದರೆ ರಾತ್ರಿ 8ಕ್ಕೆ ಬಾಯ್ಲರ್ ಹೌಸ್ ಹಿಂದೆ ನಿಂತು ಭೋಂಗಾವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಈಗ ವರ್ಷಪೂರ್ತಿ ಅದೇ ಅಲಾರಾಂ. ಹೋದ ಬೇಸಿಗೆ ಜಮಖಂಡಿಯಲ್ಲಿ ಒಂದು ಮದುವೆ. ರಾತ್ರಿ ಊಟಕ್ಕೆ ಕೂತಿದ್ದೆವು. ಕಿಸೆಯಿಂದ ಭೋಂಗಾ ಕೂಗಿತು. ಎದುರು ಸಾಲಿನಲ್ಲಿ ನಮ್ಮಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದ ಅಜ್ಜನೊಬ್ಬ ಕೂತಿದ್ದ. ಕೈಯಲ್ಲಿನ ತುತ್ತು ಎಲೆಯಲ್ಲಿ ಬಿಟ್ಟು ಧಡಕ್ಕನೆ ಎದ್ದು ನಿಂತು, ಚಪ್ಪಲಿ ಹುಡುಕಿದ.